ಮಳೆಗಾಲದಲ್ಲಿ ನಮ್ಮ ವಾರ್ಡಿನ ರಸ್ತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ, ಮುಖ್ಯ ರಸ್ತೆಯಿಂದ ಒಳಗೆ, ಗುಡ್ಡದ ಬದಿಗೆ ಅಂಟಿಕೊಂಡಂತಿರುವ ವಾರ್ಡು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ರಸ್ತೆ ಬೆಳಿಗ್ಗೆ ರಸ್ತೆಯಾಗಿರುತ್ತದೆ, ಮಧ್ಯಾಹ್ನ ತೋಡಾಗುತ್ತದೆ, ಸಂಜೆಗೆ ಉಳುಮೆ ಮಾಡಿದ ಗದ್ದೆಯಾಗುತ್ತದೆ. ಬಿದ್ದ ಮರ, ಜರಿದ ಮಣ್ಣು, ಕಟ್ಟಿದ ಚರಂಡಿ ಇವುಗಳನ್ನು ಬಿಡಿಸಿ ದಾರಿ ತೆರೆದಿಡುವ ಕೆಲಸವನ್ನು ನಾವು ಕೆಲವರು ಸೇರಿ ಮಾಡುತ್ತಾ ಬಂದಿದ್ದೇವೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿರುವುದರಿಂದ ಪ್ರಶ್ನೆಗಳೂ ನನ್ನ ಮನೆಗೇ ಬರುತ್ತವೆ, ಹೆಚ್ಚಾಗಿ ರಾತ್ರಿ ಊಟಕ್ಕೆ ಕುಳಿತಾಗ. ಒಮ್ಮೆ ಬರೆದಿಟ್ಟರೆ ಅನ್ನ ಬಿಸಿಯಾಗಿರುವಾಗಲೇ ಉಣ್ಣಬಹುದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ರಸ್ತೆ ಸಮಿತಿ ಎಂದರೆ ಯಾರು? ಸರಕಾರದವರೇ?

ಅಲ್ಲ. ನೋಂದಣಿ, ಸೀಲು, ಕಚೇರಿ ಯಾವುದೂ ಇಲ್ಲ. ತೋಟದವರು, ಇಬ್ಬರು ಆಟೋ ಚಾಲಕರು, ಮಹಿಳೆಯರ ಸ್ವಸಹಾಯ ಸಂಘ ಕುಟುಂಬಶ್ರೀಯ ಅಕ್ಕಂದಿರು, ನಿವೃತ್ತರಾದ ಒಬ್ಬ ಮಾಸ್ತರರು, ಮರ ಕೊಯ್ಯುವ ಯಂತ್ರ ಇರುವ ಒಬ್ಬರು. ಪಂಚಾಯತಿನ ಮೆಂಬರು ನಮ್ಮ ಜೊತೆಗಿರುತ್ತಾರೆ, ಯಾವ ಪಕ್ಷದವರು ಗೆದ್ದರೂ. ಸರಕಾರ ಮಾಡಬೇಕಾದ ಕೆಲಸವನ್ನು ನಾವು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಸರಕಾರ ಬರುವವರೆಗೆ ಆಂಬುಲೆನ್ಸ್ ನಿಲ್ಲಬಾರದು, ಅಷ್ಟಕ್ಕೇ ನಮ್ಮ ಜವಾಬ್ದಾರಿ.

ರಸ್ತೆ ಯಾರದ್ದೆಂದು ತಿಳಿಯುವುದು ಹೇಗೆ? ಗುಡ್ಡ ಜರಿದಾಗ ಎಲ್ಲರೂ "ನಮ್ಮದಲ್ಲ" ಎನ್ನುತ್ತಾರೆ.

ಮಳೆ ಬೀಳುವ ಮೊದಲೇ ತಿಳಿದಿಟ್ಟುಕೊಳ್ಳಬೇಕಾದ ವಿಷಯ ಇದು. ತಲಪಾಡಿಯಿಂದ ತೆಂಕಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ದೂರಿಗೆ ಹೆದ್ದಾರಿ ಪ್ರಾಧಿಕಾರದ 1033. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳದ ಮೇಲೆ ಕಲ್ಲಡ್ಕಕ್ಕೆ ಹೋಗುವಂಥ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಒಳರಸ್ತೆಗಳಲ್ಲಿ ಕೆಲವು ಜಿಲ್ಲಾ ಪಂಚಾಯತಿನವು, ಹೆಚ್ಚಿನವು ಗ್ರಾಮ ಪಂಚಾಯತಿನವು. ಗ್ರಾಮ ಪಂಚಾಯತಿನ ರಸ್ತೆಯಾದರೆ ಅದರ ಹೆಸರು ಆಸ್ತಿ ರಿಜಿಸ್ಟರಿನಲ್ಲಿ ಇರಬೇಕು. ಅಲ್ಲಿ ಇಲ್ಲದಿದ್ದರೆ ಎಷ್ಟು ವರ್ಷದಿಂದ ಬಸ್ಸು ಓಡಿದ್ದರೂ ಅದಕ್ಕೆ ಹಣ ಇಡುವುದು ಕಷ್ಟ.

ಇವಲ್ಲದೆ ಇನ್ನೊಂದು ಜಾತಿಯ ರಸ್ತೆಯಿದೆ. ಅಜ್ಜಂದಿರ ಕಾಲದ ಕಾಲುದಾರಿ, ಆಮೇಲೆ ಜೀಪು ಹೋಗುವಷ್ಟು ಅಗಲವಾಯಿತು, ಆಮೇಲೆ ಯಾರೋ ಕಾಂಕ್ರೀಟು ಹಾಕಿಸಿದರು. ಜಾಗ ಮಾತ್ರ ಇಂದಿಗೂ ನಾಲ್ಕು ಮನೆಯವರ ಹೆಸರಿನಲ್ಲಿದೆ. ಇದನ್ನು ಪಂಚಾಯತು ವಹಿಸಿಕೊಳ್ಳಬೇಕಾದರೆ ಆ ನಾಲ್ವರೂ ಜಾಗ ಬಿಟ್ಟುಕೊಟ್ಟು ಸಹಿ ಹಾಕಬೇಕು. ನಮ್ಮ ವಾರ್ಡಿನ ಅಂಥ ಒಂದು ದಾರಿಯಲ್ಲಿ ಮೂವರು ಸಹಿ ಹಾಕಿ ಹನ್ನೊಂದು ವರ್ಷವಾಯಿತು. ನಾಲ್ಕನೆಯವರ ಮನೆಗೆ ಹೋದಾಗಲೆಲ್ಲ ಚಹಾ ಚೆನ್ನಾಗಿರುತ್ತದೆ.

ನಿಮ್ಮ ಕೆಲಸ ಯಾವಾಗ ಶುರುವಾಗುತ್ತದೆ? ಮಳೆ ಬಂದ ಮೇಲೆ ಅಲ್ಲವೇ?

ಪತ್ತನಾಜೆಗೆ ಮುಗಿದಿರಬೇಕು. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ 24ರ ಆಚೀಚೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವು ಹಾರೆ ತೊಳೆದಿಡಬೇಕು ಎಂಬುದು ನಮ್ಮಲ್ಲಿಯ ಲೆಕ್ಕ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದಕ್ಕೆ ಮುಂಚೆ ಬೀಳುವ ಎರಡು ಗುಡುಗು ಮಳೆಯೇ ನಮ್ಮ ಪರೀಕ್ಷೆ. ಆ ಮಳೆಯಲ್ಲಿ ಛತ್ರಿ ಹಿಡಿದು ರಸ್ತೆಯುದ್ದಕ್ಕೂ ನಡೆದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಅಡ್ಡ ಹರಿಯುತ್ತದೆ ಎಂದು ಅದೇ ತೋರಿಸಿಕೊಡುತ್ತದೆ. ಇಂಜಿನಿಯರು ಬಂದು ಅಳೆದರೂ ಅಷ್ಟು ಸರಿಯಾಗಿ ತಿಳಿಯುವುದಿಲ್ಲ.

ರಸ್ತೆಯಲ್ಲಿ ಗುಂಡಿ ಇರುವಾಗ ಚರಂಡಿ ಬಿಡಿಸುತ್ತಾ ಕೂರುವುದೇಕೆ?

ಗುಂಡಿ ಹುಟ್ಟುವುದೇ ಚರಂಡಿಯಲ್ಲಿ. ಒಂದು ಲೆಕ್ಕ ಹೇಳುತ್ತೇನೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಮೂರು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ನಮ್ಮ ರಸ್ತೆಯ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಮೂರು ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಇಪ್ಪತ್ತೈದು ಟ್ಯಾಂಕರುಗಳನ್ನು ರಸ್ತೆಯ ಮೇಲೆ ಮಗುಚಿದ ಹಾಗೆ. ಗುಡ್ಡದಿಂದ ಇಳಿದು ಬರುವ ನೀರು ಈ ಲೆಕ್ಕದಲ್ಲಿ ಸೇರಿಲ್ಲ, ಅದು ಇದರ ಹಲವು ಪಟ್ಟು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಈ ನೀರಿಗೆ ನಾವು ದಾರಿ ಕೊಡದಿದ್ದರೆ ಅದು ನಮ್ಮ ದಾರಿಯನ್ನೇ ಹಿಡಿಯುತ್ತದೆ.

ಡಾಮರಿಗೆ ನೀರೇ ಶತ್ರು. ನಿಂತ ನೀರು ಬಿರುಕಿನಲ್ಲಿ ಇಳಿದು ಅಡಿಯ ಜಲ್ಲಿಯನ್ನು ಸಡಿಲಿಸುತ್ತದೆ. ಮೇಲೆ ಒಂದು ಲಾರಿ ಹೋದರೆ ಸಾಕು, ತಟ್ಟೆಯಂತೆ ಎದ್ದು ಬರುತ್ತದೆ. ಎಷ್ಟೋ ಕಡೆ ಚರಂಡಿ ಇದೆ, ನೀರು ಮಾತ್ರ ಅದಕ್ಕೆ ಇಳಿಯುವುದಿಲ್ಲ. ವರ್ಷ ವರ್ಷ ಕೊಳೆತ ಸೊಪ್ಪು, ಹುಲ್ಲು, ಮಣ್ಣು ಸೇರಿ ರಸ್ತೆಯ ಅಂಚು ರಸ್ತೆಗಿಂತ ನಾಲ್ಕು ಬೆರಳು ಎತ್ತರವಾಗಿರುತ್ತದೆ. ಆ ಅಂಚನ್ನು ಹಾರೆಯಿಂದ ಕೆತ್ತಿ, ಹತ್ತು ಹದಿನೈದು ಹೆಜ್ಜೆಗೊಂದರಂತೆ ಓರೆಯಾಗಿ ಸಣ್ಣ ಕಣಿ ತೆಗೆದು ಚರಂಡಿಗೆ ಕೂಡಿಸುವುದೇ ನಮ್ಮ ಮೇ ತಿಂಗಳ ಅರ್ಧ ಕೆಲಸ. ನೋಡುವವರಿಗೆ ಮಕ್ಕಳಾಟದ ಹಾಗೆ ಕಾಣುತ್ತದೆ. ಕಣಿಯನ್ನು ನೆಟ್ಟಗೆ ಕಡಿದರೆ ನೀರು ಹಾರಿ ಮುಂದಕ್ಕೆ ಹೋಗುತ್ತದೆ. ಇಳಿಜಾರಿನ ಕಡೆಗೆ ಓರೆಯಾಗಿ ಕಡಿದರೆ ಮಾತ್ರ ಒಳಗೆ ತಿರುಗುತ್ತದೆ. ಅಡಿಕೆ ತೋಟದಲ್ಲಿ ನೀರು ತಿರುಗಿಸಿದವರಿಗೆ ಇದನ್ನು ಕಲಿಸಬೇಕಾಗಿಲ್ಲ.

ನನ್ನ ಗೇಟಿನ ಮುಂದೆ ಚರಂಡಿಗೆ ಮಣ್ಣು ತುಂಬಿ ಕಾರು ಹತ್ತಿಸಲು ದಾರಿ ಮಾಡಿದ್ದೇನೆ. ಅದರಿಂದ ಏನು ತೊಂದರೆ?

ನಿಮಗೆ ಇಲ್ಲ. ಕೆಳಗಿನ ಆರು ಮನೆಯವರಿಗೆ ಇದೆ. ಕಾರು ಹತ್ತಲೇಬೇಕು, ಒಪ್ಪಿದೆ. ಹಾಗಾದರೆ ಅಡಿಯಲ್ಲಿ ಒಂದೂವರೆ ಅಡಿ ವ್ಯಾಸದ ಸಿಮೆಂಟು ಪೈಪಾದರೂ ಇಡಿ, ಅಥವಾ ಮೇಲೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಲರಿ ಹಾಕಿಸಿ. ನಾಲ್ಕು ಇಂಚಿನ ಪಿವಿಸಿ ಪೈಪು ಇಟ್ಟು "ಮೋರಿ ಇದೆಯಲ್ಲ" ಎನ್ನುವವರೂ ಇದ್ದಾರೆ. ಒಂದು ತೆಂಗಿನ ಮಡಲಿನ ತುಂಡು ಬಂದು ಅಡ್ಡ ಕೂತರೆ ಆ ಪೈಪಿನ ಕತೆ ಮುಗಿಯಿತು. ಪಂಚಾಯತಿನ ಚರಂಡಿ ಮುಚ್ಚುವುದು ಕಾನೂನಿಗೂ ವಿರುದ್ಧ. ಆದರೆ ನಾವು ನೋಟಿಸಿನ ಮಾತು ಎತ್ತುವುದಿಲ್ಲ. ಮಳೆ ಹೊಯ್ಯುವಾಗ ಕೆಳಗಿನ ಮನೆಯ ಅಂಗಳಕ್ಕೆ ಒಮ್ಮೆ ಕರೆದುಕೊಂಡು ಹೋಗುತ್ತೇವೆ. ಮೂವರಲ್ಲಿ ಇಬ್ಬರು ಮರುವಾರ ಪೈಪು ತರಿಸುತ್ತಾರೆ.

ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೀವು ಹೇಗೆ ಬಳಸುತ್ತೀರಿ?

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ವರೆಗೆ ಭಾರೀ ಮಳೆ, 204.4ರ ವರೆಗೆ ಅತಿ ಭಾರೀ, ಅದಕ್ಕೂ ಮೇಲೆ ಬಿದ್ದರೆ ಅತ್ಯಂತ ಭಾರೀ. ಮೂರು ಬಣ್ಣ ಸಾಮಾನ್ಯವಾಗಿ ಕ್ರಮವಾಗಿ ಈ ಮೂರಕ್ಕೆ. ಹಳದಿ ಬಂದ ದಿನ ನಾವು ಏನನ್ನೂ ಮಾಡುವುದಿಲ್ಲ. ಇಲ್ಲಿ ಜುಲೈ-ಆಗಸ್ಟಿನ ಆಟಿ ತಿಂಗಳೆಲ್ಲ ಹಳದಿಯೇ. ಕಿತ್ತಳೆಯಾದರೆ ಸಂಜೆ ಬೆಳಕಿರುವಾಗಲೇ ಇಬ್ಬರು ಹೋಗಿ ಎರಡು ದೊಡ್ಡ ಮೋರಿಗಳ ಬಾಯಿ ನೋಡಿ ಬರುತ್ತಾರೆ, ಗರಗಸ ಯಂತ್ರಕ್ಕೆ ಎಣ್ಣೆ ತುಂಬಿಸಿಡುತ್ತಾರೆ. ಕೆಂಪಾದರೆ ಬರೆಯ, ಅಂದರೆ ಗುಡ್ಡದ ಕಡಿದಾದ ಬದಿಯ, ಅಡಿಯಲ್ಲಿರುವ ಮನೆಗಳಿಗೆ ಫೋನು ಹೋಗುತ್ತದೆ, ಮಲಗುವುದಕ್ಕೆ ಬೇರೆ ಮನೆ ನೋಡಿಕೊಳ್ಳಿ ಎಂದು. ಎಚ್ಚರಿಕೆ ಜಿಲ್ಲೆಗೆಲ್ಲ ಒಂದೇ ಬಣ್ಣ. ಕರಾವಳಿಯ ಮಂಜೇಶ್ವರದಲ್ಲಿ ಹನಿ ಬೀಳುತ್ತಿದ್ದಾಗ ನಮ್ಮ ಗುಡ್ಡದಲ್ಲಿ ಕೊಡ ಬೋರಲು ಹಾಕಿದಂತೆ ಸುರಿಯುವುದುಂಟು. ಹಾಗಾಗಿ ಬಣ್ಣವನ್ನು ನೋಡಿ, ಆಮೇಲೆ ಅಂಗಳಕ್ಕೂ ಇಳಿದು ನೋಡಿ.

ಮರ ಬಿದ್ದು ರಸ್ತೆ ಮುಚ್ಚಿದೆ. ಮೊದಲು ಏನು ಮಾಡಬೇಕು?

ತಲೆ ಎತ್ತಿ ಕರೆಂಟಿನ ತಂತಿ ನೋಡಬೇಕು. ಉಳಿದದ್ದೆಲ್ಲ ಆಮೇಲೆ.

ತಂತಿ ಮರಕ್ಕೆ ತಾಗಿದ್ದರೆ, ನೆಲಕ್ಕೆ ಬಿದ್ದಿದ್ದರೆ, ಅಥವಾ ಕತ್ತಲಲ್ಲಿ ಏನೂ ಕಾಣದಿದ್ದರೆ, ಹತ್ತು ಮೀಟರ್ ದೂರ ನಿಂತು ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಅಥವಾ ನಮ್ಮ ಸೆಕ್ಷನ್ ಕಚೇರಿಗೆ ಫೋನು ಮಾಡಿ. "ಮನೆಯಲ್ಲಿ ಕರೆಂಟು ಹೋಗಿದೆ, ಹಾಗಾಗಿ ತಂತಿಯಲ್ಲೂ ಇಲ್ಲ" ಎಂಬ ತರ್ಕ ಜೀವ ತೆಗೆಯುತ್ತದೆ. ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ಅದೇ ತಂತಿಗೆ ಬರಬಹುದು. ಲೈನ್‌ಮ್ಯಾನ್ ಬಂದು ಕೈ ತೋರಿಸುವವರೆಗೆ ಒಂದು ಎಲೆಯನ್ನೂ ಎಳೆಯಬೇಡಿ.

ತಂತಿ ಇಲ್ಲವೆಂದು ಖಚಿತವಾದರೆ ಎರಡೂ ಬದಿಗೆ ಒಬ್ಬೊಬ್ಬರು ಟಾರ್ಚು ಹಿಡಿದು ನಿಲ್ಲಬೇಕು. ತಿರುವಿನಲ್ಲಿ ಬರುವ ಬೈಕಿಗೆ ಮರ ಕಾಣುವುದಿಲ್ಲ. ದೊಡ್ಡ ಮರವಾದರೆ ಅಗ್ನಿಶಾಮಕ ದಳಕ್ಕೆ 101. ಕಾಸರಗೋಡು, ಉಪ್ಪಳ, ಕುತ್ತಿಕ್ಕೋಲಿನಲ್ಲಿ ಅವರ ಠಾಣೆಗಳಿವೆ. ಆದರೆ ಒಂದೇ ರಾತ್ರಿ ಇಪ್ಪತ್ತು ಮರ ಬಿದ್ದಾಗ ನಮ್ಮ ಸರದಿ ಬರಲು ಹೊತ್ತಾಗುತ್ತದೆ.

ನಾವೇ ಕೊಯ್ಯುವಾಗ ಒಂದು ವಿಷಯ ಕಲಿತದ್ದಿದೆ. ಎರಡು ವರ್ಷದ ಹಿಂದೆ ಆಟಿಯ ಒಂದು ರಾತ್ರಿ ಅಕೇಶಿಯಾ ಮರವೊಂದು ಮೇಲಿನ ಬರೆಯಿಂದ ಕೆಳಗಿನ ಬರೆಗೆ ಸೇತುವೆಯಂತೆ ಬಿದ್ದಿತ್ತು. ನಮ್ಮ ಹುಡುಗನೊಬ್ಬ ಅಡಿಯಿಂದ ಬಾಗಿದ್ದ ಕೊಂಬೆಗೆ ಯಂತ್ರ ಇಟ್ಟ. ಮುಕ್ಕಾಲು ಕೊಯ್ದಿರಬೇಕು, ಬಿಲ್ಲಿನ ಹೆದೆ ಬಿಟ್ಟಂತೆ ಕೊಂಬೆ ಎದ್ದು ಅವನ ಭುಜಕ್ಕೆ ಬಡಿಯಿತು. ಯಂತ್ರ ಕೈತಪ್ಪಿ ಚರಂಡಿಗೆ ಬಿತ್ತು. ಪುಣ್ಯಕ್ಕೆ ಆರಿತು. ಒಂದೂವರೆ ತಿಂಗಳು ಅವನ ತಾಯಿ ನನ್ನ ಜೊತೆ ಮಾತಾಡಲಿಲ್ಲ. ಅಂದಿನಿಂದ ನಿಯಮ ಹೀಗಿದೆ: ಮೊದಲು ಹಗ್ಗ, ಆಮೇಲೆ ಸಣ್ಣ ಕೊಂಬೆ, ಆಮೇಲೆ ದೊಡ್ಡದು, ಕಾಂಡ ಕೊನೆಗೆ. ಕೊಯ್ಯುವವರು ಇಳಿಜಾರಿನ ಮೇಲ್ಬದಿಗೆ ನಿಲ್ಲಬೇಕು. ರಾತ್ರಿ ಒಂದು ವಾಹನ ನುಸುಳುವಷ್ಟು ಜಾಗ ಆದರೆ ಸಾಕು, ಉಳಿದದ್ದು ಹಗಲಿಗೆ.

ಅಕೇಶಿಯಾದ ಬಗ್ಗೆ ಒಂದು ಮಾತು. ಬೇಗ ಬೆಳೆಯುತ್ತದೆಂದು ಎಲ್ಲ ಗುಡ್ಡದಲ್ಲೂ ನೆಟ್ಟರು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಮೇಲೆ ಅದರ ಬೇರು ಚಾಪೆಯಂತೆ ಹರಡುತ್ತದೆ, ಆಳಕ್ಕೆ ಇಳಿಯುವುದಿಲ್ಲ. ನಾವು ಕೊಯ್ದ ಹತ್ತು ಮರಗಳಲ್ಲಿ ಆರೇಳು ಅದೇ.

ಬಿದ್ದ ಮರ ಯಾರಿಗೆ ಸೇರುತ್ತದೆ? ಸೌದೆಗೆ ಒಯ್ಯಬಹುದೇ?

ಸೊಪ್ಪು, ಚಿಲ್ಲರೆ ಕೊಂಬೆಗಳನ್ನು ಒಯ್ದರೆ ಯಾರೂ ಕೇಳುವುದಿಲ್ಲ, ನಮಗೆ ಉಪಕಾರವೇ. ಕಾಂಡ ಮಾತ್ರ ಜಾಗದ ಯಜಮಾನನದ್ದು. ಇಲಾಖೆಯ ರಸ್ತೆ ಬದಿಯದಾದರೆ ಇಲಾಖೆ, ಪಂಚಾಯತಿನ ಜಾಗದ್ದಾದರೆ ಪಂಚಾಯತು ಏಲಂ ಮಾಡುತ್ತದೆ. ಹಲಸಿನ ಮರ ಬಿದ್ದಾಗ ನೆರವಿಗೆ ಬರುವವರ ಸಂಖ್ಯೆ ಯಾವಾಗಲೂ ಹೆಚ್ಚು ಎಂಬುದನ್ನು ಗಮನಿಸಿದ್ದೇನೆ.

ಪಕ್ಕದ ತೋಟದ ಮರ ರಸ್ತೆಗೆ ವಾಲಿದೆ. ಹೇಳಿದರೆ ಕೇಳುವುದಿಲ್ಲ.

ಪಂಚಾಯತು ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಡಿ, ಒಂದು ಫೋಟೋ ಜೊತೆಗಿರಲಿ. ಅಪಾಯದ ಮರವನ್ನು ಕಡಿಯಬೇಕೆಂದು ಯಜಮಾನನಿಗೆ ನೋಟಿಸು ಕೊಡುವ ಅಧಿಕಾರ 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಲ್ಲಿದೆ. ಏಪ್ರಿಲಿನಲ್ಲೇ ಕೊಡಿ. ಜುಲೈಯಲ್ಲಿ ಕೊಟ್ಟರೆ ನೋಟಿಸಿಗಿಂತ ಮೊದಲು ಮರ ಬಂದು ತಲುಪಬಹುದು.

ಬರೆ ಜರಿದು ಮಣ್ಣು ಬಿದ್ದರೆ ನಾವೇ ತೆಗೆಯಬಹುದೇ?

ಬುಟ್ಟಿ ಲೆಕ್ಕದ ಮಣ್ಣಾದರೆ ಹೌದು. ಲೋಡು ಲೆಕ್ಕದ್ದಾದರೆ ಕೈ ಹಾಕಬೇಡಿ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಗುಡ್ಡದ ಮೇಲ್ಪದರ ಮುರಕಲ್ಲು, ಗಟ್ಟಿ, ತೂತು ತೂತು, ನೀರು ಕುಡಿಯುತ್ತದೆ. ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೆನೆದಾಗ ಬೆಣ್ಣೆಯಾಗುತ್ತದೆ. ರಸ್ತೆಗೋ ಮನೆಗೋ ಎಂದು ಗುಡ್ಡವನ್ನು ನೆಟ್ಟಗೆ ಕಡಿದಾಗ ಆ ಶೇಡಿ ಹೊರಗೆ ಬರುತ್ತದೆ. ಮೇಲಿನ ಕಲ್ಲು ಕುಡಿದ ನೀರು ಕೆಳಗಿಳಿದು ಶೇಡಿಯನ್ನು ತೋಯಿಸುತ್ತದೆ. ಅದು ಜಾರಿತೆಂದರೆ ಮೇಲಿನ ಕಲ್ಲಿಗೆ ಆಧಾರವಿಲ್ಲ. ಅಡಿಯಲ್ಲಿ ಬಿದ್ದ ಮಣ್ಣೇ ಕೆಲವೊಮ್ಮೆ ಉಳಿದ ಬರೆಗೆ ಊರುಗೋಲಾಗಿರುತ್ತದೆ. ಅದನ್ನು ನೀವು ಉತ್ಸಾಹದಿಂದ ಕೆರೆದು ತೆಗೆದರೆ ಮೇಲಿನದು ನಿಮ್ಮ ಮೇಲೆ ಬರುತ್ತದೆ. ಜೆಸಿಬಿಯಾದರೂ ಮಳೆ ಬಿಟ್ಟು, ಮೇಲಿನಿಂದ ನೋಡುವವರನ್ನು ನಿಲ್ಲಿಸಿಯೇ ಕೆಲಸಕ್ಕೆ ಇಳಿಯಬೇಕು.

2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಇದೇ 66ನೇ ಹೆದ್ದಾರಿಗೆ ಗುಡ್ಡ ಬಂದದ್ದು ಎಲ್ಲರಿಗೂ ನೆನಪಿರಬಹುದು. 2025ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನ ಬಳಿ ವೀರಮಲೆ ಗುಡ್ಡ ಹೆದ್ದಾರಿಗೆ ಜರಿಯಿತು. ನಮ್ಮ ಒಳರಸ್ತೆಯ ಬರೆಗಳು ಅಷ್ಟು ದೊಡ್ಡವಲ್ಲ. ಆದರೆ ಹತ್ತು ಅಡಿಯ ಬರೆಯೂ ಒಬ್ಬ ಮನುಷ್ಯನನ್ನು ಮುಚ್ಚಲು ಸಾಕು.

ಲಕ್ಷಣಗಳು: ಬರೆಯ ಮೇಲಿನ ನೆಲದಲ್ಲಿ ಉದ್ದಕ್ಕೆ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ಓರೆಯಾಗುವುದು, ಹಿಂದೆ ಒರತೆ ಇಲ್ಲದ ಕಡೆ ಕೆಂಪು ನೀರು ಜಿನುಗುವುದು, ತಿಳಿಯಾಗಿದ್ದ ಬಾವಿಯ ನೀರು ಒಮ್ಮೆಲೇ ಕಲಕುವುದು. ಹರಿಯುತ್ತಿದ್ದ ಒರತೆ ತಟ್ಟನೆ ನಿಂತರೂ ನಂಬಬೇಡಿ, ನೀರು ಒಳಗೆಲ್ಲೋ ಕಟ್ಟಿಕೊಂಡಿದೆ. ಬರೆಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಹಳೆಯ ಸುರಂಗದ ಬಾಯಿ ಇದ್ದರೆ ಅದರ ನೀರು ಹೊರಗೆ ಹೋಗುವ ದಾರಿಯನ್ನು ಎಂದಿಗೂ ಮುಚ್ಚಬೇಡಿ. ಇವುಗಳಲ್ಲಿ ಒಂದನ್ನು ಕಂಡರೂ ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ತಿಳಿಸಿ. ಗಡಿಯ ಗುಡ್ಡದ ಮೇಲೆ ನಮ್ಮ ಮೊಬೈಲು ಎಷ್ಟೋ ಸಲ ಕರ್ನಾಟಕದ ಟವರು ಹಿಡಿಯುವುದರಿಂದ 04994ರಿಂದ ಶುರುವಾಗುವ ಕಾಸರಗೋಡಿನ ಸ್ಥಿರ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತೀರಿ?

ಎಲ್ಲಿ ಹಾಕಬಾರದೆಂದು ಹೇಳುವುದು ಸುಲಭ: ತೋಡಿಗೆ ಹಾಕಬಾರದು. ತಗ್ಗಿನ ಜಾಗ ಇರುವವರು ಬೇಸಿಗೆಯಲ್ಲೇ "ಮಣ್ಣು ಬಂದರೆ ನಮಗೆ" ಎಂದು ಹೇಳಿಟ್ಟರೆ ಎರಡು ಕಡೆಯವರಿಗೂ ಅನುಕೂಲ.

ಹತ್ತು ದಾರಿ ಮುಚ್ಚಿದಾಗ ಮೊದಲು ಯಾವುದನ್ನು ತೆರೆಯುತ್ತೀರಿ?

ಇದರ ಬಗ್ಗೆ ನಡೆದಷ್ಟು ಜಗಳ ಬೇರೆ ಯಾವುದರ ಬಗ್ಗೆಯೂ ನಡೆದಿಲ್ಲ. ಮೊದಲ ವರ್ಷ ನಾವು ನಮ್ಮ ಮನೆಯ ಹತ್ತಿರದಿಂದ ಶುರು ಮಾಡಿದೆವು, ಅದು ಸಹಜವೆಂದು ನಮಗೆ ತೋರಿತ್ತು. ಗುಡ್ಡದ ಮೇಲಿನ ಮನೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಒಬ್ಬರಿದ್ದರು. ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ ಕೆಸರಿನಲ್ಲಿ ಅರ್ಧ ಕಿಲೋಮೀಟರ್ ಹೊತ್ತು ತಂದರು. ಆ ಕುರ್ಚಿ ನಮ್ಮ ಅಂಗಳದ ಮುಂದೆಯೇ ಹಾದುಹೋಯಿತು. ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಈಗ ಪುಸ್ತಕದ ಮೊದಲ ಹಾಳೆಯಲ್ಲಿ ಪಟ್ಟಿ ಇದೆ. ನಿತ್ಯದ ಚಿಕಿತ್ಸೆಗೆ ಹೋಗುವವರ, ದಿನ ತುಂಬಿದ ಗರ್ಭಿಣಿಯರ, ಹಾಸಿಗೆ ಹಿಡಿದವರ ದಾರಿ ಮೊದಲು. ಆಮೇಲೆ ಶಾಲೆಯ ಬಸ್ಸಿನ ದಾರಿ. ಆಮೇಲೆ ಹಾಲಿನ ಸೊಸೈಟಿ, ರೇಷನ್ ಅಂಗಡಿ. ಒಂದೇ ಮನೆಗೆ ಹೋಗುವ ದಾರಿ ಕೊನೆಗೆ, ಅದು ಮೆಂಬರರ ಮನೆಯಾದರೂ, ನನ್ನ ಮನೆಯಾದರೂ. ಪಟ್ಟಿಯನ್ನು ಆಶಾ ಕಾರ್ಯಕರ್ತೆಯವರು ಮೇ ತಿಂಗಳಲ್ಲಿ ತಿದ್ದಿಕೊಡುತ್ತಾರೆ. ಯಾರ ಮನೆಯಲ್ಲಿ ಏನಿದೆ ಎಂದು ಅವರಿಗೆ ತಿಳಿದಷ್ಟು ನಮಗೆ ತಿಳಿಯದು.

ಕೆನಡಾದಲ್ಲಿರುವ ನನ್ನ ಮಗ ಹೇಳುತ್ತಾನೆ, ಅಲ್ಲಿ ರಾತ್ರಿ ಮಂಡಿಯುದ್ದ ಹಿಮ ಬಿದ್ದರೂ ಬೆಳಿಗ್ಗೆ ರಸ್ತೆ ಸ್ವಚ್ಛವಂತೆ. ನಮ್ಮಲ್ಲಿ ಯಾಕಿಲ್ಲ?

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಹೆಚ್ಚಾಗಿ ಒಂದೇ ಮನೆಯಿಂದ. ಹಿಮದ ಊರುಗಳಲ್ಲಿಯೂ ಎಲ್ಲ ರಸ್ತೆ ಒಟ್ಟಿಗೆ ತೆರೆಯುವುದಿಲ್ಲ. ಮುಖ್ಯ ರಸ್ತೆ, ಬಸ್ಸು ಓಡುವ ರಸ್ತೆ, ಆಸ್ಪತ್ರೆಯ ದಾರಿ ಮೊದಲು, ಮನೆಗಳ ಬೀದಿ ಆಮೇಲೆ. ಎಷ್ಟೋ ಊರುಗಳಲ್ಲಿ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕು, ತೆಗೆಯದಿದ್ದರೆ ದಂಡ. ನೇಗಿಲಿನಂಥ ಅಲಗು ಕಟ್ಟಿದ ಲಾರಿ ಹಿಮವನ್ನು ಬದಿಗೆ ತಳ್ಳುತ್ತಾ ಹೋಗುವಾಗ ಪ್ರತಿ ಮನೆಯ ಗೇಟಿಗೂ ಒಂದು ದಿಬ್ಬ ಕಟ್ಟಿಬಿಡುತ್ತದೆ. ಅದಕ್ಕೆ ಅಲ್ಲಿಯವರು ಬೈಯುವುದನ್ನು ಕೇಳಿದರೆ ನಮ್ಮ ಜೆಸಿಬಿಯವರಿಗೆ ನಾವು ಬೈಯುವುದು ನೆನಪಾಗುತ್ತದೆ. ಹಿಮ ಗಟ್ಟಿಯಾಗದಂತೆ ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಸುಮಾರು ಮೈನಸ್ ಒಂಬತ್ತಕ್ಕಿಂತ ಚಳಿಯಾದರೆ ಸಾಮಾನ್ಯ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ, ಚಕ್ರ ಜಾರದಂತೆ ಮರಳು ಹಾಕುತ್ತಾರೆ.

ನಮ್ಮ ದೇಶದಲ್ಲಿಯೂ ಈ ಕೆಲಸವಿದೆ. 1960ರಲ್ಲಿ ಶುರುವಾದ ಗಡಿ ರಸ್ತೆಗಳ ಸಂಸ್ಥೆ ಕಾಶ್ಮೀರದಿಂದ ಲಡಾಖಿಗೆ ಹೋಗುವ, ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆಯನ್ನು ಪ್ರತಿ ವರ್ಷ ಎರಡೂ ಕಡೆಯಿಂದ ಕೊರೆಯುತ್ತಾ ಬಂದು ತೆರೆಯುತ್ತದೆ. 2023ರಲ್ಲಿ 68 ದಿನ ಮುಚ್ಚಿದ್ದ ದಾರಿ ಮಾರ್ಚ್ 16ಕ್ಕೆ ತೆರೆಯಿತು.

ಒಂದು ವ್ಯತ್ಯಾಸ ಮಾತ್ರ ಮಗನಿಗೆ ಹೇಳಿ. ಆಗತಾನೆ ಬಿದ್ದ ಹಿಮ ಒಂದು ಘನ ಮೀಟರಿಗೆ ಸಾಮಾನ್ಯವಾಗಿ ನೂರು ಕಿಲೋದ ಆಚೀಚೆ ತೂಗುತ್ತದೆ. ನಮ್ಮ ಒದ್ದೆ ಮಣ್ಣು ಅದೇ ಅಳತೆಗೆ ಎರಡು ಸಾವಿರ ಕಿಲೋದ ಹತ್ತಿರ. ಮೇಲಾಗಿ ಹಿಮವನ್ನು ಬದಿಗಿಟ್ಟರೆ ವಸಂತದಲ್ಲಿ ತಾನೇ ಕರಗಿ ಹೋಗುತ್ತದೆ. ನಾವು ಬದಿಗಿಟ್ಟ ಮಣ್ಣು ಮುಂದಿನ ಮಳೆಗೆ ರಸ್ತೆಗೇ ವಾಪಸು ಬರುತ್ತದೆ.

ಕಾಂಕ್ರೀಟು ರಸ್ತೆಯ ಪಾಚಿಗೆ ಏನು ಮಾಡುತ್ತೀರಿ?

ನಮ್ಮ ಮಂಜುಗಡ್ಡೆ ಎಂದರೆ ಇದೇ. ಮರದ ನೆರಳಿನ ಏರಿನಲ್ಲಿ ಜುಲೈ ಮಧ್ಯದ ಹೊತ್ತಿಗೆ ಕಾಂಕ್ರೀಟು ಹಸಿರಾಗುತ್ತದೆ. ಅಲ್ಲಿ ಮೊದಲು ಬೀಳುವುದು ಹಾಲಿನ ಕ್ಯಾನು ಕಟ್ಟಿದ ಬೈಕು. ಮಳೆ ಒಂದೆರಡು ಗಂಟೆ ಬಿಟ್ಟಾಗ ಬ್ಲೀಚಿಂಗ್ ಪುಡಿ ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಹಿಡಿಸೂಡಿಯಿಂದ ಉಜ್ಜುತ್ತೇವೆ. ಬಾವಿ ಹತ್ತಿರವಿದ್ದರೆ ಪುಡಿ ಇಲ್ಲ, ತಂತಿಯ ಬ್ರಷ್ಷು ಮತ್ತು ರಟ್ಟೆ ಮಾತ್ರ. ಅಡಿಕೆಗೆ ಬಿಟ್ಟು ಉಳಿದ ಮೈಲುತುತ್ತಿನ ಮದ್ದನ್ನು ರಸ್ತೆಗೆ ಹೊಯ್ಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಪಾಚಿ ಸಾಯುತ್ತದೆ, ಕೆಳಗಿನ ತೋಡಿನ ಮೀನೂ ಸಾಯುತ್ತದೆ. ನೆರಳಿನ ಕೊಂಬೆಗಳನ್ನು ಮೇ ತಿಂಗಳಲ್ಲಿ ಸವರಿ ಬಿಸಿಲು ಬೀಳುವಂತೆ ಮಾಡಿದರೆ ಪಾಚಿ ಅರ್ಧಕ್ಕರ್ಧ ಕಡಿಮೆ.

ಮಳೆಗಾಲದಲ್ಲಿ ಗುಂಡಿಗೆ ಡಾಮರು ಯಾಕೆ ಹಾಕುವುದಿಲ್ಲ?

ಬಿಸಿ ಡಾಮರು ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಹಾಕಿದರೂ ಮರುದಿನ ಚಕ್ರದ ಜೊತೆ ಎದ್ದು ಹೋಗುತ್ತದೆ. ಚೀಲದಲ್ಲಿ ಬರುವ ತಣ್ಣನೆಯ ಮಿಶ್ರಣವಿದೆ, ದೊಡ್ಡ ರಸ್ತೆಯಲ್ಲಿ ಇಲಾಖೆಯವರು ಬಳಸುತ್ತಾರೆ, ನಮ್ಮ ಕೈಗೆ ಎಟುಕುವ ಬೆಲೆಯಲ್ಲ. ನಾವು ನೀರು ತೋಡಿ ಚೆಲ್ಲಿ, ಕೆಸರು ಬಳಿದು, ಮುರಕಲ್ಲಿನ ಚೂರು ಮತ್ತು ಜಲ್ಲಿ ಹಾಕಿ ಗುದ್ದುತ್ತೇವೆ. ಬರಿಯ ಮಣ್ಣು ತುಂಬಿಸಿದರೆ ಎರಡೇ ದಿನದಲ್ಲಿ ಪಾಯಸ. ಗುಂಡಿಯಲ್ಲಿ ಬಾಳೆಗಿಡ ನೆಟ್ಟು ಫೋಟೋ ತೆಗೆಯುವ ಪ್ರತಿಭಟನೆಯೂ ನಡೆದಿದೆ. ರಾತ್ರಿ ಬೈಕಿನಲ್ಲಿ ಬಂದವರಿಗೆ ಆ ಬಾಳೆಗಿಡವೇ ಅಡ್ಡವಾಯಿತು.

ರಸ್ತೆಯ ಮೇಲೆ ನೀರು ಹರಿಯುತ್ತಿದೆ. ಮೆಲ್ಲ ದಾಟಬಹುದೇ?

ಮಧೂರಿನಲ್ಲಿ ಮಧುವಾಹಿನಿ ಉಕ್ಕಿದಾಗ ದೇವಸ್ಥಾನದ ಒಳಗೆ ನಿಲ್ಲುವ ನೀರು ಬೇರೆ, ಇಳಿಜಾರಿನಲ್ಲಿ ಓಡುವ ನೀರು ಬೇರೆ. ಓಡುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲನ್ನು ಎತ್ತುತ್ತದೆ, ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ. ಅದರ ಅಡಿಯಲ್ಲಿ ಮೋರಿ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕೆಂಪು ನೀರಿನಲ್ಲಿ ಕಾಣುವುದಿಲ್ಲ. ಅಡಿಕೆ ಮರದ ಪಾಲದ, ಅಂದರೆ ಕಾಲುಸೇತುವೆಯ, ಮೇಲೆ ದಾಟಿ ಬೆಳೆದವರು ನಾವು ಎನ್ನುವ ಹಿರಿಯರಿಗೂ ಇದೇ ಉತ್ತರ. ಕಾಯಿರಿ. ಗುಡ್ಡದ ನೀರು ಬಂದಷ್ಟೇ ಬೇಗ ಇಳಿಯುತ್ತದೆ.

ಅರ್ಜಿಯನ್ನು ಮಲಯಾಳದಲ್ಲೇ ಬರೆಯಬೇಕೇ?

ಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ಹಕ್ಕು ಉಳಿಸಿಕೊಂಡಿದ್ದಾರೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಂತೆ ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕಾಗದದಲ್ಲಿರುವುದಕ್ಕೂ ಕೌಂಟರಿನಲ್ಲಿ ನಡೆಯುವುದಕ್ಕೂ ಅಂತರವಿದೆ. ಒಂದು ಕಚೇರಿಯಲ್ಲಿ ನಮ್ಮ ಕನ್ನಡ ಅರ್ಜಿಯನ್ನು ಓದಬಲ್ಲವರು ರಜೆಯಲ್ಲಿದ್ದರೆಂದು ಮೂರು ವಾರ ಮೇಜಿನ ಮೇಲೇ ಇತ್ತು, ಅಷ್ಟರಲ್ಲಿ ಮೋರಿ ಕುಸಿದು ಬಿತ್ತು. ಈಗ ಅರ್ಜಿ ಕನ್ನಡದಲ್ಲೇ ಕೊಡುತ್ತೇವೆ, ಕೆಳಗೆ ಎರಡು ಸಾಲಿನಲ್ಲಿ ವಿಷಯ ಮತ್ತು ಜಾಗದ ಹೆಸರನ್ನು ಮಲಯಾಳದಲ್ಲಿಯೂ ಬರೆಯುತ್ತೇವೆ. ಹಕ್ಕು ಬಿಟ್ಟಂತಾಗುವುದಿಲ್ಲ, ಮೋರಿಯೂ ಕಾಯುವುದಿಲ್ಲ. ಸ್ವೀಕೃತಿ ರಶೀದಿ ಕೇಳಿ ಪಡೆಯಿರಿ.

ಗ್ರಾಮಸಭೆಯಲ್ಲಿ ಹೇಳಿದರೆ ಪ್ರಯೋಜನವಿದೆಯೇ?

ಇದೆ, ಜನ ಬಂದರೆ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಹತ್ತನೆಯ ಒಂದು ಪಾಲು ಇರಬೇಕು. ಮುಂದಿನ ವರ್ಷದ ಚರಂಡಿ, ಮೋರಿ, ತಡೆಗೋಡೆ ಪಟ್ಟಿಗೆ ಸೇರುವುದು ಅಲ್ಲಿಯೇ. ಮಳೆಗಾಲದಲ್ಲಿ ಬೈದವರು ಬೇಸಿಗೆಯ ಸಭೆಗೆ ಬರುವುದಿಲ್ಲ ಎಂಬುದೊಂದೇ ತೊಂದರೆ.

ಜೆಸಿಬಿಗೆ, ಎಣ್ಣೆಗೆ ಹಣ ಎಲ್ಲಿಂದ?

ಮನೆಗೆ ವರ್ಷಕ್ಕೆ ಇನ್ನೂರು ರೂಪಾಯಿ. ಕೊಡಲಾಗದವರು ಒಂದು ದಿನದ ಕೆಲಸ, ಕೆಲಸಕ್ಕೂ ಆಗದವರಿಂದ ಏನೂ ಇಲ್ಲ. ಪುಸ್ತಕ ಯಾರು ಬೇಕಾದರೂ ನೋಡಬಹುದು, ಆದರೆ ಮನೆಗೆ ಒಯ್ಯುವಂತಿಲ್ಲ.

ನಾಳೆ ಶಾಲೆಗೆ ರಜೆ ಇದೆಯೇ?

ಅದು ಜಿಲ್ಲಾಧಿಕಾರಿಯವರ ಕೈಯಲ್ಲಿ. ಮರಿ, ನೀನು ನನಗೆ ಇನ್ನು ಫೋನು ಮಾಡಬೇಡ.

ಶ್ರಮದಾನದ ದಿನ ಏನೇನು ತರಬೇಕು? ಊಟ ಇದೆಯೇ?

ಹಾರೆಯೋ ಪಿಕ್ಕಾಸೋ ಕತ್ತಿಯೋ, ಮನೆಯಲ್ಲಿ ಇರುವುದನ್ನು ತನ್ನಿ. ಕಾಲಿಗೆ ಗಂಬೂಟು ಇದ್ದರೆ ಒಳ್ಳೆಯದು, ಕೊಳೆತ ಸೊಪ್ಪಿನ ಅಡಿಯಲ್ಲಿ ಕನ್ನಡಿ ಹಾವು ಮಲಗಿರುವುದನ್ನು ನಾವು ಎರಡು ಸಲ ನೋಡಿದ್ದೇವೆ. ಬೆಳಿಗ್ಗೆ ಏಳಕ್ಕೆ ಸೇರುವುದು, ಹತ್ತಕ್ಕೆ ಅವಲಕ್ಕಿ, ಬಾಳೆಹಣ್ಣು, ಕಪ್ಪು ಚಹಾ. ಒಂದು ಗಂಟೆಗೆ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಬೀಜದ ಪಲ್ಯ. ಗಂಜಿಯ ಹೊತ್ತಿಗೆ ಮಾತ್ರ ಬರುವ ನಾಲ್ವರಿದ್ದಾರೆ, ಅವರಿಗೂ ಬಡಿಸುತ್ತೇವೆ.

ಕಳೆದ ಮೇ ತಿಂಗಳಲ್ಲಿ ಹಲಸಿನ ಹಿಡಿ ಹಾಕಿದ, ಹಿಡಿಯ ಮೇಲೆ ಎರಡು ಗೀಟು ಇರುವ ಒಂದು ಪಿಕ್ಕಾಸನ್ನು ಯಾರೋ ತಮ್ಮದೆಂದು ಒಯ್ದಿದ್ದಾರೆ. ಅದು ನನ್ನದು.